ಶೂಗೆ ಮೆತ್ತಿದ್ದ ಕೆಸರು

ಪ್ರಶ್ನೆ: ನನಗೆ 68 ವರ್ಷ. ಮೈಸೂರಿನವನು, ಕೆಇಬಿಯಲ್ಲಿದ್ದು ರಿಟೈರ್ ಆದವನು. ರಿಟೈರ್ ಆದ ವರ್ಷವೇ ನಾನು, ನನ್ನ ಜೊತೆ ಕೆಲಸ ಮಾಡಿದ ಗೆಳೆಯ ಇಬ್ಬರೂ ಸೇರಿ ಭಾನುವಾರದ ಸುತ್ತಾಟ ಶುರು ಮಾಡಿದೆವು. ಮೊದಲು ಚಾಮುಂಡಿ ಬೆಟ್ಟದ ಮೆಟ್ಟಿಲು, ಆಮೇಲೆ ಸುತ್ತಮುತ್ತಲ ಊರು, ಕೆರೆ, ಬೆಟ್ಟ. ಈಗ ನಾವು 16 ಜನ, ಹೆಂಗಸರೂ ಇದ್ದಾರೆ. ತಿಂಗಳಿಗೆ ಎರಡು ಭಾನುವಾರ ಬಸ್ಸು ಹಿಡಿದು ಹೋಗುತ್ತೇವೆ, ನಡೆಯುತ್ತೇವೆ, ಬುತ್ತಿ ಬಿಚ್ಚಿ ಊಟ ಮಾಡಿ ಸಂಜೆಯೊಳಗೆ ಮನೆ ಸೇರುತ್ತೇವೆ. ಕಾಫಿ ಫ್ಲಾಸ್ಕು ಹೊತ್ತು ತರುವವನು ಮೊದಲಿನಿಂದಲೂ ನನ್ನ ಗೆಳೆಯನೇ.

ಹೋದ ವರ್ಷ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದರು. ಮೊಣಕಾಲೂ ಸರಿಯಿಲ್ಲ. ಡಾಕ್ಟರು ನಡೆಯಬಹುದು ಅಂದಿದ್ದಾರೆ, ಆದರೆ ತುಂಬಾ ನಿಧಾನ. ಮೇಲುಕೋಟೆಗೆ ಹೋದಾಗ ಅವನಿಗೆ ಕಾದು ಕಾದು ವಾಪಸ್ ಬಸ್ಸು ತಪ್ಪಿತು. ಗೊಣಗಾಟ ಶುರುವಾಯಿತು. ಯಾರೋ ಅವನನ್ನು ಬಿಟ್ಟು ಇನ್ನೊಂದು ವಾಟ್ಸಾಪ್ ಗ್ರೂಪು ಮಾಡಿದರು. ನಾನೂ ಅದರಲ್ಲಿದ್ದೇನೆ. ಹೋದ ಭಾನುವಾರ ಅವನಿಗೆ 'ಈ ವಾರ ಯಾರಿಗೂ ಆಗಲ್ವಂತೆ' ಎಂದು ಹೇಳಿ ನಾವು ಕರಿಘಟ್ಟಕ್ಕೆ ಹೋಗಿ ಬಂದೆವು. ಸೋಮವಾರ ಬೆಳಗ್ಗೆ ಅವನು ಮನೆಗೆ ಬಂದ. ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಶೂ ತುಂಬಾ ಕೆಸರಿತ್ತು. ಅದನ್ನು ನೋಡಿ, 'ನಿನ್ನೆ ಮಳೆ ಬಂತಲ್ಲ, ಹೋಗದೆ ಇದ್ದದ್ದೇ ಒಳ್ಳೇದಾಯ್ತು' ಅಂದ. ಕಾಫಿ ಕುಡಿದು ಹೋದ.

ಅವನಿಗೆ ನೋವಾಗದ ಹಾಗೆ 'ಇನ್ನು ಬರಬೇಡ' ಎಂದು ಹೇಳುವುದು ಹೇಗೆ? ನನಗೂ ಎಡ ಮೊಣಕಾಲು ಸ್ವಲ್ಪ ನೋಯುತ್ತದೆ, ಅದು ಬೇರೆ ವಿಷಯ.

ಉತ್ತರ: ನಿಮ್ಮ ಗೆಳೆಯರಿಗೆ ಗೊತ್ತಾಗಿದೆ, ಸರ್. ಎಲ್ಲಿ ಫಾಲ್ಟು ಅಂತ ಹುಡುಕುವುದರಲ್ಲೇ ಸರ್ವೀಸು ಮುಗಿಸಿದವರು. ಬಾಗಿಲಲ್ಲಿ ಕೆಸರು ಶೂ ಕಂಡ ಮೇಲೆ ಕರೆಂಟು ಎಲ್ಲಿ ಹೋಗಿದೆ ಅಂತ ತಿಳಿಯದೆ ಇರುತ್ತದೆಯೇ? ಗೊತ್ತಾಗಿಯೂ ಅವರು ಜಗಳ ಆಡಲಿಲ್ಲ. 'ಹೋಗದೆ ಇದ್ದದ್ದೇ ಒಳ್ಳೇದಾಯ್ತು' ಎಂದು ನಿಮ್ಮ ಸುಳ್ಳಿಗೆ ತಾವೇ ಒಂದು ಕೊಡೆ ಹಿಡಿದು, ನಿಮ್ಮ ಮರ್ಯಾದೆ ಉಳಿಸಿ ಹೋದರು. ಹಾಗಾಗಿ 'ನೋವಾಗದ ಹಾಗೆ' ಎನ್ನುವ ಮಾತು ಈಗ ತಡವಾಯಿತು. ನೋವು ಆಗಿಹೋಗಿದೆ. ಅವರು ಮುಂದಿನ ಸಲವೂ ಹೀಗೇ ನಗುತ್ತಾ ಕಾಫಿ ಕುಡಿದು ಹೋಗಬೇಕಾ ಅನ್ನುವುದಷ್ಟೇ ಈಗ ನಿಮ್ಮ ಕೈಯಲ್ಲಿರುವುದು.

ನಮ್ಮ ಅಮ್ಮನ ವಿಷಯ ಹೇಳಿಬಿಡುತ್ತೇನೆ. ಅಮ್ಮ ಒಂದು ಭಜನಾ ಮಂಡಳಿಯಲ್ಲಿದ್ದರು. 74ನೇ ವಯಸ್ಸಿಗೆ ಮೆಟ್ಟಿಲು ಹತ್ತುವಾಗ ಕೈ ಹಿಡಿಯಬೇಕಾಗುತ್ತಿತ್ತು. ಒಂದು ಸಲ ಮಂಡಳಿಯವರೆಲ್ಲ ಮಿನಿಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದರು, ಅಮ್ಮನಿಗೆ ಹೇಳಲಿಲ್ಲ. ಬಂದ ಮೇಲೆ ಒಬ್ಬರು ಪ್ರಸಾದ ತಂದುಕೊಟ್ಟು, 'ನಿಮಗೆ ಕಷ್ಟ ಆಗತ್ತೆ ಅಂತ ಕರೀಲಿಲ್ಲ' ಅಂದರು. ಪ್ರಸಾದ ಸಿಕ್ಕ ತಕ್ಷಣ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುವವರು ನಮ್ಮಮ್ಮ. ಆ ಪೊಟ್ಟಣ ಎರಡು ದಿನ ದೇವರ ಗೂಡಿನಲ್ಲಿ ಹಾಗೇ ಇತ್ತು. ಮೂರನೇ ದಿನ ನನ್ನನ್ನು ಕರೆದು, 'ಕಷ್ಟ ಆಗತ್ತೋ ಇಲ್ವೋ ಅಂತ ನನ್ನ ಕೇಳಬಹುದಿತ್ತು ಅಲ್ವಾ' ಅಂದರು. ಬರಲ್ಲ ಅಂತಲೇ ಹೇಳುತ್ತಿದ್ದರೇನೋ. ಆದರೆ ಹೇಳುವವರು ಅವರಾಗಿರಬೇಕಿತ್ತು.

ಇಷ್ಟು ಹೇಳಿ, ನಿಮ್ಮ ಉಳಿದ ಗೆಳೆಯರ ಪರವಾಗಿಯೂ ಮಾತಾಡುತ್ತೇನೆ. ಅವರೇನು ಕೆಟ್ಟವರಲ್ಲ. ಅರವತ್ತೈದು ದಾಟಿದವರಿಗೆ ಭಾನುವಾರ ಅನ್ನುವುದು ಸುಮ್ನೆ ಸಿಗುವ ವಸ್ತು ಅಲ್ಲ. ಒಬ್ಬರಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇನ್ನೊಬ್ಬರಿಗೆ ಮೊಮ್ಮಗುವನ್ನು ನೋಡಿಕೊಳ್ಳುವ ಕೆಲಸ. ಕಾಲು ಇರುವಾಗಲೇ ಕುಂತಿ ಬೆಟ್ಟ ಹತ್ತಿಬಿಡೋಣ ಅಂತ ಅವರಿಗೆ ಅನ್ನಿಸಿದರೆ ತಪ್ಪೇನಿದೆ? ಜೋರಾಗಿ ನಡೆಯುವವರು ಬೇರೆ ನಡೆಯಲಿ. ಎರಡು ಗ್ರೂಪು ಇದ್ದರೂ ಇರಲಿ. ಎರಡನೆಯದನ್ನು ಬಚ್ಚಿಟ್ಟರಲ್ಲ, ಕೆಟ್ಟದ್ದಾದದ್ದು ಅದು.

ಈಗ ಮೇಲುಕೋಟೆಗೆ ಬರೋಣ. ಅಲ್ಲಿ ಏನಾಗಿರಬೇಕು ಎಂದು ನಾನು ಊಹಿಸಬಲ್ಲೆ, ಏಕೆಂದರೆ ಎಲ್ಲ ಗುಂಪಿನಲ್ಲೂ ಆಗುವುದು ಅದೇ. ಜೋರಾಗಿ ನಡೆಯುವ ಹತ್ತು ಜನ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲನ್ನು ಅರ್ಧ ಹತ್ತಿ ಕೂತಿರುತ್ತಾರೆ. ನೀರು ಕುಡಿದು, ಸೌತೆಕಾಯಿ ತಿಂದು, ಫೋಟೋ ತೆಗೆದುಕೊಂಡಿರುತ್ತಾರೆ. ಅಷ್ಟರಲ್ಲಿ ನಿಮ್ಮ ಗೆಳೆಯರು ಏದುಸಿರು ಬಿಡುತ್ತಾ ಬರುತ್ತಾರೆ. ಅವರನ್ನು ಕಂಡ ಕೂಡಲೇ ಎಲ್ಲರೂ, 'ಹಾ, ಬಂದ್ರಲ್ಲ, ನಡೀರಿ' ಎಂದು ಎದ್ದುಬಿಡುತ್ತಾರೆ. ಅಂದರೆ ವಿಶ್ರಾಂತಿ ಸಿಕ್ಕಿದ್ದು ಅದು ಬೇಡವಾದವರಿಗೆ. ಬೇಕಾದವರಿಗೆ ಒಂದು ನಿಮಿಷವೂ ಇಲ್ಲ. ಇವರು ಹಾಗೇ ಮುಂದೆ ಹೆಜ್ಜೆ ಹಾಕುತ್ತಾರೆ, ಮುಂದಿನ ತಿರುವಿನಲ್ಲಿ ಇನ್ನೂ ಹಿಂದೆ ಬೀಳುತ್ತಾರೆ. ಅವರು ನಿಧಾನ ಆದದ್ದರಲ್ಲಿ ಅರ್ಧ ಪಾಲು ಗುಂಪಿನದೇ.

ಇದಕ್ಕೆ ಮದ್ದು ಸುಲಭ. ಕೊನೆಯವರು ಬಂದು ಕೂತ ಮೇಲೆ ಹತ್ತು ನಿಮಿಷ ಯಾರೂ ಏಳಬಾರದು. ನಡೆಯುವಾಗ ನಿಧಾನದವರು ಮುಂದೆ ಇರಲಿ. ಎಲ್ಲರಿಗಿಂತ ಹಿಂದೆ ಒಬ್ಬರು, ಪ್ರತಿ ಸಲ ಬೇರೆಯವರು. ಇಂಗ್ಲೆಂಡಿನಲ್ಲಿ ಹೀಗೆ ಗುಂಪು ಕಟ್ಟಿಕೊಂಡು ಹಳ್ಳಿಗಾಡು ಸುತ್ತುವವರಿಗೆ 1935ರಿಂದ ಒಂದು ದೊಡ್ಡ ಸಂಘವೇ ಇದೆ, ರ್‍ಯಾಂಬ್ಲರ್ಸ್ ಅಂತ. ಅಲ್ಲಿ ಮುಂದಾಳು ಒಬ್ಬರಿದ್ದರೆ ಹಿಂದಾಳೂ ಒಬ್ಬರು ಇರುತ್ತಾರೆ. ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸ. ನಾವು ಮದುವೆ ದಿಬ್ಬಣದಲ್ಲಿ ಮಾಡುವುದೂ ಅದನ್ನೇ, ಅಜ್ಜಿ ಬಸ್ಸು ಹತ್ತಿದಳಾ ಅಂತ ನೋಡಲು ಒಬ್ಬ ಭಾವಮೈದ ಕಡ್ಡಾಯ.

ಇನ್ನು ಜಾಗ ಆರಿಸುವ ವಿಷಯ. ನಿಮ್ಮ ಗುಂಪು ಬೆಟ್ಟಕ್ಕೆ ಮನಸೋತಿದೆ ಅಂತ ಕಾಣುತ್ತೆ. ಆದರೆ ಮೈಸೂರಿನವರಾಗಿ ನಿಮಗೆ ಬೆಟ್ಟ ಒಂದೇ ಗತಿ ಅಲ್ಲ. ಪಕ್ಕದಲ್ಲೇ ಶ್ರೀರಂಗಪಟ್ಟಣ ಇದೆ. ರೈಲಿನಲ್ಲಿ ಹೋದರೆ ಸ್ಟೇಷನ್ ಹತ್ತಿರವೇ ಟಿಪ್ಪುವಿನ ಹಳೆಯ ಮದ್ದುಗುಂಡಿನ ಮನೆ ಸಿಗುತ್ತದೆ. ಜೋಡಿ ಹಳಿ ಹಾಕಲು ಅಡ್ಡವಾಯಿತೆಂದು 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರಾರು ಅಡಿ ಆಚೆಗೆ ಜರುಗಿಸಿದರು. ಕೆಇಬಿಯ ಇಬ್ಬರು ಅದರ ಮುಂದೆ ನಿಂತರೆ ಅರ್ಧ ಗಂಟೆ ಮಾತು ಗ್ಯಾರಂಟಿ, ಹಿಂದೆ ಬಿದ್ದವರು ಅಷ್ಟರಲ್ಲಿ ಬಂದು ಸೇರಿಕೊಂಡಿರುತ್ತಾರೆ. ಅಲ್ಲಿಂದ ದರಿಯಾ ದೌಲತ್, ಗುಂಬಜ್, ಕಾವೇರಿಯ ಕವಲುಗಳು ಮತ್ತೆ ಕೂಡುವ ಸಂಗಮ. ದಾರಿ ಸಮತಟ್ಟು. ಕಾಲು ಸೋತರೆ ಆಟೋ ಸಿಗುತ್ತದೆ. ರಂಗನತಿಟ್ಟು ಇನ್ನೂ ವಾಸಿ. ಸಲೀಂ ಅಲಿ ಹೇಳಿದರು ಅಂತ 1940ರಲ್ಲಿ ಪಕ್ಷಿಧಾಮ ಆದ ಜಾಗ ಅದು. ಹಕ್ಕಿ ನೋಡಲು ಹೋದವನು ಜೋರಾಗಿ ನಡೆದರೆ ಹಕ್ಕಿ ಹಾರಿಹೋಗುತ್ತದೆ. ಅಲ್ಲಿ ನಿಮ್ಮ ಗೆಳೆಯರೇ ಲೀಡರು. ಸೋಮನಾಥಪುರವೂ ಹಾಗೇ. ಹದಿಮೂರನೇ ಶತಮಾನದ ದೇವಸ್ಥಾನ, ಗೋಡೆಯ ಕೆತ್ತನೆ ಸರಿಯಾಗಿ ನೋಡುತ್ತಾ ಒಂದು ಸುತ್ತು ಬರುವಷ್ಟರಲ್ಲಿ ಬೆಳಗು ಮುಗಿಯುತ್ತದೆ. ಓಡುವವರು ಅಲ್ಲಿ ಕಾಯಲಿ, ಒಂದು ಸಲ.

ಬೆಟ್ಟಕ್ಕೇ ಹೋಗಬೇಕೆಂದರೂ ಗೆಳೆಯರನ್ನು ಬಿಡಬೇಕಾಗಿಲ್ಲ. ಚಾಮುಂಡಿ ಬೆಟ್ಟಕ್ಕೆ ನೀವು ಸಾವಿರ ಮೆಟ್ಟಿಲು ಹತ್ತಿ, ಅವರು 201 ಬಸ್ಸಿನಲ್ಲಿ ಬರಲಿ. ಅಥವಾ ಆಟೋದಲ್ಲಿ ನಂದಿಯ ಹತ್ತಿರ ಇಳಿದು ಕಾಯಲಿ, ನಂದಿ ಇರುವುದು ಸುಮಾರು 700ನೇ ಮೆಟ್ಟಿಲಿನ ಹತ್ತಿರ, ಅಲ್ಲಿಗೆ ರಸ್ತೆಯೂ ಇದೆ. ಒಂದು ಮಾತು ನೆನಪಿಡಿ. ಎದೆಯ ತೊಂದರೆ ಇರುವವರಿಗೆ ಹತ್ತುವುದು ಕಷ್ಟ, ಮೊಣಕಾಲಿನವರಿಗೆ ಇಳಿಯುವುದು ಇನ್ನೂ ಕಷ್ಟ. ನಿಮ್ಮ ಗೆಳೆಯರಿಗೆ ಎರಡೂ ಇದೆ. 'ಹೆಂಗೂ ಮೇಲೆ ಬಂದಿದೀಯ, ಇಳಿಯೋದು ತಾನೇ, ನಡಿ' ಎಂದು ಉತ್ಸಾಹ ತುಂಬಬೇಡಿ. ಮೇಲುಕೋಟೆಯಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಕಳೆಯುವುದು ಶಿಕ್ಷೆ ಏನಲ್ಲ. ಆದರೆ ಒಬ್ಬರನ್ನೇ ಕೂರಿಸಿ ಹೋಗಬೇಡಿ, ಪೂರ್ತಿ ಹತ್ತಲು ಮನಸ್ಸಿಲ್ಲದವರು ಗುಂಪಿನಲ್ಲಿ ಇನ್ನಿಬ್ಬರಾದರೂ ಇರುತ್ತಾರೆ. ಹೇಳಿಕೊಳ್ಳಲು ನಾಚಿಕೆ ಅಷ್ಟೆ. ಊಟದ ಜಾಗ ಮತ್ತು ಹೊತ್ತು ಮಾತ್ರ ಮೊದಲೇ ಗೊತ್ತು ಮಾಡಿ. ಕೊನೆಯ ಬಸ್ಸನ್ನು ನಂಬಬೇಡಿ, ಅದಕ್ಕಿಂತ ಹಿಂದಿನ ಬಸ್ಸಿಗೆ ಲೆಕ್ಕ ಹಾಕಿ. ಅವತ್ತು ತಪ್ಪಿದ ಬಸ್ಸಿನ ಪಾಪ ಪೂರ್ತಿ ಒಬ್ಬರ ತಲೆಗೆ ಕಟ್ಟಿದ್ದೀರಿ.

(ಬಸ್ಸು ಅಂದಾಗ ನೆನಪಾಯಿತು. 2023ರ ಜೂನ್‌ನಿಂದ ನಿಮ್ಮ ಗುಂಪಿನ ಹೆಂಗಸರಿಗೆ ಬಸ್ಸು ಫ್ರೀ, ಅರವತ್ತು ದಾಟಿದ ಗಂಡಸರಿಗೆ ಕೆಎಸ್ಆರ್‌ಟಿಸಿಯಲ್ಲಿ ಟಿಕೆಟ್ಟಿಗೆ 25 ಪರ್ಸೆಂಟು ಕಡಿಮೆ. ಗಂಡಸರು ಉಳಿಸಿದ ದುಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಎಳನೀರು ಕೊಡಿಸಬಹುದು.)

ಆರೋಗ್ಯದ ವಿಷಯದಲ್ಲಿ ನಾನು ಡಾಕ್ಟರಲ್ಲ. ಅವರ ಡಾಕ್ಟರು ನಡೆಯಲು ಒಪ್ಪಿದ್ದಾರೆ ಎಂದಿರಿ, ಒಳ್ಳೆಯದು. ಎಷ್ಟು, ಏರು ಇರಬಹುದೇ, ಯಾವ ಮಾತ್ರೆ ಜೇಬಿನಲ್ಲಿರಬೇಕು ಎಂದು ಇನ್ನೊಮ್ಮೆ ಸರಿಯಾಗಿ ಕೇಳಲಿ. ಬೇಕಾದರೆ ನೀವೂ ಜೊತೆಗೆ ಹೋಗಿ. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು, ಮಾತು ತುಂಡಾಗತೊಡಗಿದರೆ ನಿಲ್ಲಬೇಕು. ಎದೆ ಬಿಗಿದರೆ, ತಣ್ಣಗೆ ಬೆವರಿದರೆ 'ಸ್ವಲ್ಪ ಗ್ಯಾಸು' ಎಂದು ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಇದು ಅವರೊಬ್ಬರಿಗೆ ಹೇಳಿದ್ದಲ್ಲ, 16 ಜನಕ್ಕೂ.

ಇನ್ನು ಅವರ ಹತ್ತಿರ ಹೇಳುವುದು ಹೇಗೆ? ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ಇಬ್ಬರೇ. ಅಕ್ಕಪಕ್ಕ ನಡೆಯುವಾಗ ಇಂಥ ಮಾತು ಸಲೀಸು, ಮುಖ ನೋಡಬೇಕಾಗಿಲ್ಲ. ಪೀಠಿಕೆ ಹಾಕಬೇಡಿ. 'ಹೋದ ಭಾನುವಾರ ನಾವು ಕರಿಘಟ್ಟಕ್ಕೆ ಹೋಗಿದ್ವಿ ಕಣೋ. ನಿಂಗೆ ಸುಳ್ಳು ಹೇಳಿದೆ, ತಪ್ಪಾಯ್ತು' ಅನ್ನಿ. ಅಷ್ಟೇ. ಗ್ರೂಪು ಮಾಡಿದ್ದು ಯಾರು, ಯಾರು ಏನಂದರು ಎನ್ನುವ ಚಾಡಿ ಬೇಡ. 'ಎಲ್ಲರೂ ಅಂದರು, ಅದಕ್ಕೆ ನಾನೂ' ಎನ್ನುವುದೂ ಬೇಡ, ಸುಳ್ಳು ಹೇಳಿದ ಬಾಯಿ ನಿಮ್ಮದು. ಅವರು ಬೈಯಬಹುದು, ಬೈಸಿಕೊಳ್ಳಿ. 'ನಂಗೆ ಗೊತ್ತಿತ್ತು ಬಿಡೋ' ಎನ್ನಬಹುದು, ಆಗ ಬೈಸಿಕೊಳ್ಳುವುದಕ್ಕಿಂತ ಜಾಸ್ತಿ ಕಷ್ಟವಾಗುತ್ತದೆ. ಆಮೇಲೆ ಕೇಳಿ: 'ನಿಂಗೆ ಎಷ್ಟು ದೂರ ಆಗತ್ತೆ? ಎಲ್ಲಿಗೆ ಹೋಗೋಣ?' ಮುಂದಿನ ಜಾಗವನ್ನು ಅವರೇ ಆರಿಸಲಿ. ಸಾಕಪ್ಪ, ನಾನು ಬರಲ್ಲ ಅಂದರೆ ಒಂದು ಸಲಕ್ಕೇ ಒಪ್ಪಿಕೊಳ್ಳಬೇಡಿ. ಎರಡನೇ ಸಲವೂ ಅಂದರೆ ಒಪ್ಪಿಕೊಳ್ಳಿ.

ಗುಂಪಿನವರಿಗೂ ಒಂದು ಮಾತು ಹೇಳಬೇಕಾಗುತ್ತದೆ. ಹಳೆಯ ಗ್ರೂಪಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ: ಒಂದು ಭಾನುವಾರ ಬೆಟ್ಟ, ಇನ್ನೊಂದು ಭಾನುವಾರ ಬಯಲು, ಯಾರಿಗೆ ಯಾವುದು ಬೇಕೋ ಬರಲಿ. ಬಯಲಿನ ಭಾನುವಾರಕ್ಕೆ ಯಾರು ಯಾರು ಬರುತ್ತಾರೆ ನೋಡಿ. ನಿಮಗೇ ಆಶ್ಚರ್ಯ ಆಗಬಹುದು.

ಕೊನೆಗೆ, ನಿಮ್ಮ ಎಡ ಮೊಣಕಾಲು. ಅದು ಬೇರೆ ವಿಷಯ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಗುಂಪಿನಲ್ಲಿ ಯಾರಿಗಾದರೂ ಅದನ್ನು ಹೇಳಿದ್ದೀರಾ? ಕರಿಘಟ್ಟದಿಂದ ಆ ನಾನೂರೈವತ್ತು ಮೆಟ್ಟಿಲು ಇಳಿಯುವಾಗ ನೋವನ್ನು ಮುಚ್ಚಿಟ್ಟುಕೊಂಡು ಎಲ್ಲರ ಸಮಕ್ಕೆ ಹೆಜ್ಜೆ ಹಾಕಿದಿರಾ? ಹಾಕಿದ್ದರೆ ಯಾಕೆ ಅಂತ ನಿಮಗೇ ಗೊತ್ತಿರುತ್ತದೆ. ಮೂರನೇ ಗ್ರೂಪು ಮಾಡಲು ಎರಡು ನಿಮಿಷ ಸಾಕು. ಮೂಳೆ ಡಾಕ್ಟರಿಗೆ ತೋರಿಸಿ. ಗೆಳೆಯರಿಗೂ ಹೇಳಿ, ಅವರಿಗೆ ಆ ನೋವಿನ ಅನುಭವ ನಿಮಗಿಂತ ಹೆಚ್ಚು. ಯಾವ ಕಡೆ ಕೋಲು ಹಿಡಿಯಬೇಕು ಅಂತ ಅವರೇ ಹೇಳಿಕೊಟ್ಟಾರು.

ಒಂದು ಸಣ್ಣ ಕುತೂಹಲ ಉಳಿದಿದೆ. ಫ್ಲಾಸ್ಕು ಹೊತ್ತು ತರುವವರು ಮೊದಲಿನಿಂದಲೂ ಅವರೇ ಎಂದಿರಿ. ಹಾಗಾದರೆ ಮಳೆಯಲ್ಲಿ ಕರಿಘಟ್ಟದ ಮೇಲೆ ಅವತ್ತು ಕಾಫಿ ಯಾರು ತಂದಿದ್ದರು?