ಕಾಯಿಲೆ ಮೂಳೆಯಲ್ಲಿ, ಆಪರೇಷನ್ ಬೀಜಕ್ಕೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಮೂರು ತಿಂಗಳಿಂದ ಸೊಂಟ ನೋವು. ವಯಸ್ಸಾಯ್ತಲ್ಲ ಎಂದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಿದ್ದರು. ಈಗ ಪಿಎಸ್‌ಎ ಎಂಬ ರಕ್ತಪರೀಕ್ಷೆಯಲ್ಲಿ 210 ಬಂದಿದೆ. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಬೋನ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿದೆ ಎಂದಿದ್ದಾರೆ. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ತಗೊಳ್ಳಿ, ಇಲ್ಲವೇ ಆಪರೇಷನ್ ಮಾಡಿಸಿ ಬೀಜ (ವೃಷಣ) ತೆಗೆಸಿ ಎನ್ನುತ್ತಾರೆ. ಮೂಳೆ ಕ್ಯಾನ್ಸರ್‌ಗೆ ಬೀಜ ಯಾಕೆ ತೆಗೆಯಬೇಕು? ಹಾರ್ಮೋನ್‌ನಿಂದಲೇ ಹರಡಿತಾ? ಅಪ್ಪ ಆಪರೇಷನ್ ಎಂದರೆ ಎದ್ದು ಹೋಗುತ್ತಾರೆ.
– ಹೆಸರು ಬೇಡ, ಸಾಗರ

ಉತ್ತರ: ಮೊದಲು ಒಂದು ತಿದ್ದುಪಡಿ. ನಿಮ್ಮ ತಂದೆಗೆ ಆಗಿರುವುದು ಮೂಳೆ ಕ್ಯಾನ್ಸರ್ ಅಲ್ಲ. ಮೂಳೆಗೆ ಹೋಗಿ ಕೂತ ಪ್ರಾಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿಯದು. ಜಾಗ ಬದಲಾದರೂ ಆ ಜೀವಕೋಶಗಳ ಹಸಿವು ಬದಲಾಗಿಲ್ಲ. ಬೆಂಗಳೂರಿಗೆ ಹೋದರೂ ನಿಮ್ಮ ಕಡೆಯವರಿಗೆ ಅಪ್ಪೆಹುಳಿ ಬೇಕಲ್ಲ, ಹಾಗೆ. ಈ ಕೋಶಗಳಿಗೆ ಬೇಕಾಗಿರುವುದು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಜಾಸ್ತಿ ತಯಾರಾಗುವುದು ಬೀಜದಲ್ಲೇ.

ಇದು ಹಳೆಯ ತಿಳಿವಳಿಕೆ. 1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ನೋಡಿದ್ದು ನಿಮ್ಮ ತಂದೆಯಂಥವರನ್ನೇ, ಅಂದರೆ ಪ್ರಾಸ್ಟೇಟ್‌ನಿಂದ ಕಾಯಿಲೆ ಹರಡಿದವರನ್ನು. ಬೀಜ ತೆಗೆದಾಗ ರಕ್ತದಲ್ಲಿ ಕಾಯಿಲೆಯ ಗುರುತಾದ ಫಾಸ್ಫಟೇಸ್ ಇಳಿಯಿತು. ಗಂಡು ಹಾರ್ಮೋನ್ ಚುಚ್ಚಿದಾಗ ಏರಿತು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು.

ಹಾಗಂತ ಹಾರ್ಮೋನೇ ಕ್ಯಾನ್ಸರನ್ನು ಹೊತ್ತುಕೊಂಡು ಹೋಗಿ ಮೂಳೆಗೆ ಹಾಕಿತು ಎಂದಲ್ಲ. ಹಾರ್ಮೋನ್ ಮೇವು, ಅಷ್ಟೇ. ದಾರಿ ಬೇರೆ. ಪ್ರಾಸ್ಟೇಟ್ ಸುತ್ತಲಿನ ರಕ್ತನಾಳಗಳಿಗೂ ಬೆನ್ನುಮೂಳೆಯ ರಕ್ತನಾಳಗಳಿಗೂ ನೇರ ಸಂಪರ್ಕವಿದೆ. ನಡುವೆ ತಡೆಯುವ ಕವಾಟಗಳೂ ಇಲ್ಲ. ಸೊಂಟ, ಬೆನ್ನಲ್ಲೇ ಮೊದಲು ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ಅಲ್ಲಿ ಸೇರಿಕೊಂಡ ಕೋಶಗಳು ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತವೆ. ಅಡ್ಡಾದಿಡ್ಡಿಯಾಗಿ ಹೊಸ ಮೂಳೆ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಬೆಳ್ಳಗೆ, ಗಟ್ಟಿಯಾಗಿ ಕಂಡರೂ ಅದರಲ್ಲಿ ಶಕ್ತಿ ಇರುವುದಿಲ್ಲ. ಆದ್ದರಿಂದ ಬೆನ್ನಿಗೆ ಜೋರಾಗಿ ಎಣ್ಣೆ ತಿಕ್ಕುವುದನ್ನು, ಎಲುಬು ಕೂರಿಸುವವರ ಬಳಿ ಹೋಗುವುದನ್ನು ಇವತ್ತೇ ನಿಲ್ಲಿಸಿ.

ಇನ್ನು ಇಂಜೆಕ್ಷನ್ನೋ ಆಪರೇಷನ್ನೋ ಎಂಬ ಮಾತು. ಎರಡರ ಕೆಲಸವೂ ಒಂದೇ, ಬೀಜದಿಂದ ಬರುವ ಹಾರ್ಮೋನ್ ನಿಲ್ಲಿಸುವುದು. ಆಪರೇಷನ್ ಚಿಕ್ಕದು, ಒಂದೇ ಸಲದ ಖರ್ಚು, ಹಾರ್ಮೋನ್ ಒಂದೆರಡು ದಿನದೊಳಗೆ ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಪೇಟೆಗೆ ಬರುವುದು ಕಷ್ಟ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಚೀಲದ ಚರ್ಮ ಹಾಗೆಯೇ ಇರುತ್ತದೆ, ನೋಡಿದವರಿಗೆ ಗೊತ್ತಾಗುವುದಿಲ್ಲ. ಆಸೆ ಕುಗ್ಗುವುದು, ಮೈ ಬಿಸಿಯಾಗಿ ಬೆವರುವುದು ಇಂಜೆಕ್ಷನ್‌ನಲ್ಲೂ ಉಂಟು. ಅಪ್ಪನಿಗೆ ಇದನ್ನು ಮುಚ್ಚಿಡಬೇಡಿ. ಅವರು ಎದ್ದು ಹೋಗುವುದು ಬಹುಶಃ ಇದಕ್ಕೇ, ಅಲ್ವಾ?

ಇಂಜೆಕ್ಷನ್ನೇ ಸರಿ ಎಂದರೆ ಒಂದು ಎಚ್ಚರ. ಲ್ಯೂಪ್ರೊಲೈಡ್, ಗೊಸೆರೆಲಿನ್ ಥರದವು ಮೊದಲ ಒಂದೆರಡು ವಾರ ಹಾರ್ಮೋನನ್ನು ಏರಿಸಿ ಆಮೇಲೆ ಇಳಿಸುತ್ತವೆ. ಆಗ ಮೂಳೆ ನೋವು ಜಾಸ್ತಿಯಾಗಬಹುದು. ಅದನ್ನು ತಡೆಯಲು ಮುಂಚೆಯೇ ಬೈಕ್ಯಾಲುಟಮೈಡ್ ಮಾತ್ರೆ ಶುರು ಮಾಡುತ್ತಾರೆ. ಬರೆದಿದ್ದಾರಾ ಎಂದು ಕೇಳಿ. ಡೆಗರೆಲಿಕ್ಸ್‌ ಎಂಬ ಇನ್ನೊಂದು ಇಂಜೆಕ್ಷನ್ನಿನಲ್ಲಿ ಈ ತೊಂದರೆ ಇಲ್ಲ. ಆದರೆ ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳಬೇಕು.

ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದಲೂ ಸ್ವಲ್ಪ ಗಂಡು ಹಾರ್ಮೋನ್ ಬರುತ್ತದೆ. ಕಾಲ ಕಳೆದಂತೆ ಕ್ಯಾನ್ಸರ್ ಕೋಶಗಳು ತಾವೇ ಅದನ್ನು ತಯಾರಿಸಿಕೊಳ್ಳಲೂ ಕಲಿಯುತ್ತವೆ. ಹಾಗಾಗಿ ಈಗೀಗ ಅದನ್ನೂ ತಡೆಯುವ ಅಬಿರಾಟೆರಾನ್‌ನಂಥ ಮಾತ್ರೆಯನ್ನು ಮೊದಲಿಂದಲೇ ಜೊತೆಗೆ ಕೊಡುವುದುಂಟು. ನಿಮ್ಮ ತಂದೆಗೆ ಆಗುತ್ತದಾ ಎಂದು ವಿಚಾರಿಸಿ.

ತಮಾಷೆ ಎಂದರೆ, ಮೂಳೆಯನ್ನು ಗಟ್ಟಿಯಾಗಿಡುವುದೂ ಇದೇ ಹಾರ್ಮೋನ್. ಅದನ್ನು ನಿಲ್ಲಿಸಿದರೆ ಉಳಿದ ಒಳ್ಳೆಯ ಮೂಳೆಯೂ ಸವೆಯುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ದಿನಾ ನಡಿಗೆ ಬೇಕು. ಕೆಲವರಿಗೆ ಮೂಳೆ ಸವೆತ ತಡೆಯುವ ಝೋಲೆಡ್ರಾನಿಕ್ ಆಸಿಡ್ ಎಂಬ ಔಷಧ ಬೇಕಾಗುತ್ತದೆ. ಅದಕ್ಕೂ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ.

ಕಾಲಲ್ಲಿ ಬಲ ಕಡಿಮೆಯಾದರೆ, ಜೋಮು ಹಿಡಿದರೆ, ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿ ಒತ್ತಿಕೊಂಡಿರಬಹುದು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಗಲೇ ಆಸ್ಪತ್ರೆಗೆ ಹೊರಡಿ.