ಚಿತ್ರ ಪ್ರಶ್ನೋತ್ತರ: ಇಟಲಿಯ ಅಗ್ಗದ ಹೆಣಗಳು

ಕಳೆದ ಸಂಚಿಕೆಯಲ್ಲಿ ಭಯದ ಚಿತ್ರಗಳ ಬಗ್ಗೆ ಬರೆಯುವಾಗ ಇಟಲಿಯ ಜೋಂಬಿ ಚಿತ್ರಗಳ, ಅಂದರೆ ಸತ್ತವರು ಎದ್ದು ಬಂದು ಬದುಕಿರುವವರನ್ನು ಕಾಡುವ ಚಿತ್ರಗಳ, ಹೆಸರನ್ನು ಒಂದು ಸಾಲಿನಲ್ಲಿ ಎತ್ತಿ ಅಲ್ಲಿಗೇ ಬಿಟ್ಟಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಹಾಗಾಗಿ ಈ ಬಾರಿ ಪುಟವನ್ನೆಲ್ಲ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಶನಿವಾರ ರಾತ್ರಿ ಗೆಳೆಯರನ್ನು ಕರೆತಂದು 1980ರ ಆಸುಪಾಸಿನ ಇಟಲಿಯ ಜೋಂಬಿ ಚಿತ್ರಗಳನ್ನು ಹಾಕಿಕೊಂಡು ಕೂರುತ್ತಾನೆ. ಒಮ್ಮೆ ನಾನೂ ಕುಳಿತು ನೋಡಿದೆ. ಕಥೆಗೆ ತಲೆಬುಡವಿಲ್ಲ, ತುಟಿಗೂ ಮಾತಿಗೂ ಹೊಂದಿಕೆಯಿಲ್ಲ, ಹೆಣಗಳ ಮುಖಕ್ಕೆ ಏನನ್ನೋ ಮೆತ್ತಿದ್ದಾರೆಂಬುದು ಮಗುವಿಗೂ ತಿಳಿಯುತ್ತದೆ. ಒಳ್ಳೆಯ ಚಿತ್ರಗಳೆಲ್ಲ ಮನೆಯಲ್ಲೇ ಸಿಗುವ ಈ ಕಾಲದಲ್ಲಿ ಇವುಗಳಲ್ಲಿ ಏನು ಸುಖವಿದೆ? — ಓದುಗರೊಬ್ಬರು, ಮಾಟುಂಗಾ

ಉತ್ತರ: ನೀವು ಹೇಳಿದ ಮೂರು ದೋಷಗಳೂ ನಿಜ. ನಾನು ಮೊದಲ ಬಾರಿ ಇಂಥ ಚಿತ್ರ ನೋಡಿದಾಗಲೂ ಅವೆಲ್ಲ ಕಣ್ಣಿಗೆ ಬಿದ್ದಿದ್ದವು. ಆಗ ನಾನು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಗಲ್ಲಾದಲ್ಲಿ ಕುಳಿತು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ತಿಂಗಳಿಗೊಮ್ಮೆ ಹೋಟೆಲಿನ ಹುಡುಗರೆಲ್ಲ ಸೇರಿ ಚಂದಾ ಎತ್ತಿ ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಎರಡು ಹಿಂದಿ ಚಿತ್ರಗಳು, ಸಿಕ್ಕಿದರೆ ಒಂದು ರಾಜಕುಮಾರ್ ಚಿತ್ರ, ಅವುಗಳ ಮೇಲೆ ಅಂಗಡಿಯವನು ಕೊಸರಾಗಿ ಕೊಡುತ್ತಿದ್ದ ಒಂದು ಇಂಗ್ಲಿಷ್ ಕ್ಯಾಸೆಟ್. ಒಂದು ರಾತ್ರಿ ಹಾಗೆ ಕೊಸರಾಗಿ ಬಂದದ್ದು ಲೂಚಿಯೊ ಫುಲ್ಚಿ ನಿರ್ದೇಶಿಸಿದ 1979ರ 'ಜೋಂಬಿ 2'. ಕಾಪಿಯಿಂದ ಕಾಪಿ ಮಾಡಿದ ಕ್ಯಾಸೆಟ್ಟು. ಬಣ್ಣವೆಲ್ಲ ಕದಡಿ ಹೋಗಿತ್ತು. ಅರ್ಧದಷ್ಟು ಹುಡುಗರು ಮಲಗಿಬಿಟ್ಟಿದ್ದರು, ಎಚ್ಚರವಿದ್ದವರು ನಗುತ್ತಿದ್ದರು.

ಆಮೇಲೆ ಸಮುದ್ರದ ದೃಶ್ಯ ಬಂತು. ಮುಳುಗುಗಾತಿಯೊಬ್ಬಳು ನೀರಿನಡಿ ಶಾರ್ಕನ್ನು ಕಂಡು ಹವಳದ ಬಂಡೆಯ ಮರೆಗೆ ಸರಿಯುತ್ತಾಳೆ. ಅಲ್ಲಿ ಒಂದು ಹೆಣ ಅವಳನ್ನು ಹಿಡಿಯಲು ಕೈಚಾಚುತ್ತದೆ. ಅವಳು ತಪ್ಪಿಸಿಕೊಂಡ ಮೇಲೆ ಉಳಿಯುವವರು ಹೆಣ ಮತ್ತು ಶಾರ್ಕ್, ಇಬ್ಬರೇ. ಹೆಣ ಮೀನಿನ ಹೊಟ್ಟೆಯನ್ನು ತಬ್ಬಿ ಕಚ್ಚುತ್ತದೆ, ಮೀನು ತಿರುಗಿ ಹೆಣದ ತೋಳನ್ನು ಕಿತ್ತುಕೊಂಡು ಹೋಗುತ್ತದೆ. ಕಥೆಗೆ ಇದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಆದರೆ ಮಲ್ಪೆಯ ಕಡೆಯಿಂದ ಬಂದಿದ್ದ ಒಬ್ಬ ಹುಡುಗ, ಚಿಕ್ಕಂದಿನಿಂದ ತಂದೆಯ ಜೊತೆ ದೋಣಿಗೆ ಹೋದವನು, ಎದ್ದು ಕುಳಿತು ಹೇಳಿದ: "ಅಣ್ಣಾ, ಆ ತಾಟೆ ನಿಜದ್ದು. ಅದು ಜೀವ ಇರುವ ಮೀನು." ಅಲ್ಲಿಂದ ಮುಂದೆ ಯಾರೂ ನಗಲಿಲ್ಲ.

ಅವನ ಮಾತು ಸರಿಯಾಗಿಯೇ ಇತ್ತು. ಹೆಣದ ವೇಷ ಹಾಕಿಕೊಂಡು ಆ ಮೀನಿನ ಜೊತೆ ನೀರಿಗಿಳಿದವರು ಮೆಕ್ಸಿಕೋದ ನೀರಿನಡಿಯ ಛಾಯಾಗ್ರಾಹಕ ರಮೋನ್ ಬ್ರಾವೊ. ಯಂತ್ರದ ಶಾರ್ಕ್ ಮಾಡಿಸುವಷ್ಟು ದುಡ್ಡಿರುವ ಹಾಲಿವುಡ್ಡಿನವರು ಯಂತ್ರದ ಶಾರ್ಕ್ ಮಾಡಿಸಿದರು. ಅಷ್ಟು ದುಡ್ಡಿಲ್ಲದ ರೋಮಿನವರು ನಿಜವಾದ ಮೀನನ್ನೂ, ಅದರೊಡನೆ ಈಜಬಲ್ಲ ಮನುಷ್ಯನನ್ನೂ ಹುಡುಕಿಕೊಂಡು ಹೋದರು. ನಿಮ್ಮ ಮಗ ಮತ್ತು ಅವನ ಗೆಳೆಯರನ್ನು ಹಿಡಿದಿಟ್ಟಿರುವುದು ಇದೇ ಎಂದು ನನಗೆ ತೋರುತ್ತದೆ. ಈಗಿನ ದೊಡ್ಡ ಚಿತ್ರಗಳಲ್ಲಿ ಕಂಪ್ಯೂಟರ್ ಹತ್ತು ಸಾವಿರ ಹೆಣಗಳನ್ನು ಗೋಡೆ ಹತ್ತಿಸಿದರೂ ನೋಡುವವನ ಮೈ ಬಿಸಿಯಾಗುವುದಿಲ್ಲ, ಏಕೆಂದರೆ ಅಲ್ಲಿ ಯಾರಿಗೂ ಏನೂ ಆಗಲಾರದೆಂದು ಅವನಿಗೆ ಗೊತ್ತಿರುತ್ತದೆ. ಇಲ್ಲಿ ಕಥೆಯೊಳಗಿನ ಸತ್ತವನ ಬಗ್ಗೆ ನಮಗೆ ಭಯವಾಗದಿದ್ದರೂ ವೇಷದೊಳಗಿನ ಬದುಕಿರುವವನ ಬಗ್ಗೆ ಭಯವಾಗುತ್ತದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ವೇಷದವನು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಮುಖಕ್ಕೆ ಇಟ್ಟುಕೊಳ್ಳುವುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ, ಅವನು ಯಾರ ಮನೆಯವನೆಂಬುದೂ ಗೊತ್ತಿರುತ್ತದೆ. ಆದರೂ ಅವನು ಆರ್ಭಟಿಸುತ್ತ ರಂಗಸ್ಥಳಕ್ಕೆ ಬಂದಾಗ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರುತ್ತಾರೆ. 'ಜೋಂಬಿ 2'ರ ಹೆಣಗಳಿಗೆ ಬಣ್ಣ ಹಚ್ಚಿದ ಜಾನೆತ್ತೊ ಡಿ ರೊಸ್ಸಿ ಅದೇ ಜಾತಿಯ ಕೆಲಸಗಾರರು. ದ್ವೀಪದ ಹಳೆಯ ಸ್ಪಾನಿಷ್ ಸಮಾಧಿಯಿಂದ ಏಳುವ ಹೆಣದ ಒಂದು ಕಣ್ಣಿನ ಗುಳಿಯಲ್ಲಿ ಹುಳುಗಳು ಜೋತಾಡುತ್ತಿವೆ, ಕೆನ್ನೆಯ ಮೇಲಿನ ಒಣಮಣ್ಣು ಬಿರುಕು ಬಿಟ್ಟಿದೆ. ಕ್ಯಾಮೆರಾ ಅವಸರವಿಲ್ಲದೆ ಅದನ್ನೇ ನೋಡುತ್ತ ನಿಲ್ಲುತ್ತದೆ. ಮೆತ್ತಿದ್ದು ಗೊತ್ತಾಗುತ್ತದೆ ಎಂದಿರಿ. ಮೆತ್ತಿದ ಕೈ ಎಂಥದ್ದೆಂಬುದೂ ಗೊತ್ತಾಗುತ್ತದೆಯಲ್ಲ. ಇದೇ ಡಿ ರೊಸ್ಸಿ ಕೆಲವೇ ವರ್ಷಗಳ ಬಳಿಕ 1984ರ ಹಾಲಿವುಡ್ ಚಿತ್ರ 'ಡ್ಯೂನ್'ಗೆ ಪ್ರಸಾಧನ ಮಾಡಿದರು. ಛಾಯಾಗ್ರಾಹಕ ಸೆರ್ಜಿಯೊ ಸಾಲ್ವಾತಿ, ಸಂಗೀತದ ಫಾಬಿಯೊ ಫ್ರಿತ್ಸಿ ಸಹ ಪಳಗಿದವರೇ. ನಿರ್ಮಾಪಕರ ಕೈ ಬಿಗಿಯಾಗಿತ್ತೇ ಹೊರತು ಕೆಲಸ ಮಾಡಿದವರು ಕಡಿಮೆಯವರಾಗಿರಲಿಲ್ಲ.

ಕಥೆಗೆ ತಲೆಬುಡವಿಲ್ಲವೆಂಬ ದೂರಿಗೆ ನನ್ನ ಬಳಿ ಪೂರ್ತಿ ಸಮರ್ಥನೆಯಿಲ್ಲ. ಹಲವು ಚಿತ್ರಗಳಲ್ಲಿ ಅದು ಬರೀ ಸೋಮಾರಿತನ. ಆದರೆ ಫುಲ್ಚಿಯವರ 1981ರ 'ದಿ ಬಿಯಾಂಡ್' ಬೇರೆ. ಲೂಯಿಸಿಯಾನಾದ ಹಾಳು ಹೋಟೆಲೊಂದು ನರಕದ ಬಾಗಿಲ ಮೇಲೆ ಕಟ್ಟಿದ್ದೆಂಬ ಎಳೆ ಬಿಟ್ಟರೆ ಅದರಲ್ಲಿ ಕಥೆ ಎನ್ನುವಂಥದ್ದು ಇಲ್ಲ. ದೃಶ್ಯದಿಂದ ದೃಶ್ಯಕ್ಕೆ ಸಾಗುವ ಕಥೆಯಿಲ್ಲದ ಚಿತ್ರವೇ ತಮಗೆ ಬೇಕಾಗಿದ್ದದ್ದು ಎಂದು ಫುಲ್ಚಿ ಮುಂದೆ ಹೇಳಿಕೊಂಡರು. ಆಸ್ಪತ್ರೆಯ ಮೆಟ್ಟಿಲು ಇಳಿದು ಓಡುವ ನಾಯಕ ನಾಯಕಿಯರು ಕೊನೆಗೆ ಕಾಲಿಡುವುದು ಅದೇ ಹೋಟೆಲಿನ ನೆಲಮಾಳಿಗೆಗೆ. ಎರಡು ಕಟ್ಟಡಗಳ ನಡುವಿನ ಊರು ಎಲ್ಲಿ ಹೋಯಿತೆಂದು ಚಿತ್ರ ಹೇಳುವುದಿಲ್ಲ. ಜ್ವರ ಏರಿದ ರಾತ್ರಿ ಬೀಳುವ ಕನಸಿನಲ್ಲಿ ಮಾಟುಂಗಾದ ಮನೆಯ ಬಾಗಿಲು ತೆರೆದರೆ ಊರಿನ ಕೊಟ್ಟಿಗೆ ಕಾಣುತ್ತದೆ. ಆಗ ನಾವು ಯಾರನ್ನೂ ಕಾರಣ ಕೇಳುವುದಿಲ್ಲ. ಕಥೆಯನ್ನು ಹುಡುಕುತ್ತ ನೋಡಿದ್ದರಿಂದ ನಿಮಗೆ ಬೇಸರವಾಗಿರಬಹುದು.

ಪ್ರಶ್ನೆ: 'ಜೋಂಬಿ 2' ಎಂಬ ಚಿತ್ರ ಸಿಕ್ಕಿತು. ಮೊದಲನೆಯ ಭಾಗವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ನಾಶವಾಗಿದೆಯೇ? — ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಾಶವಾಗಿಲ್ಲ, ನೀವು ಬಹುಶಃ ಬೇರೆ ಹೆಸರಿನಲ್ಲಿ ನೋಡಿಯೂ ಇದ್ದೀರಿ. ಅಮೆರಿಕದ ಜಾರ್ಜ್ ರೊಮೆರೊ 1978ರಲ್ಲಿ ಮಾಡಿದ 'ಡಾನ್ ಆಫ್ ದಿ ಡೆಡ್' ಚಿತ್ರಕ್ಕೆ ಇಟಲಿಯ ನಿರ್ದೇಶಕ ದಾರಿಯೊ ಅರ್ಜೆಂತೊ ಬಂಡವಾಳ ಹೊಂದಿಸಲು ನೆರವಾದರು. ಪ್ರತಿಯಾಗಿ, ಅದನ್ನು ತಮ್ಮದೇ ರೀತಿಯಲ್ಲಿ ಸಂಕಲಿಸಿ, ಗೊಬ್ಲಿನ್ ವಾದ್ಯವೃಂದದ ಸಂಗೀತವನ್ನು ಧಾರಾಳವಾಗಿ ಬಳಸಿ 'ಜೋಂಬಿ' ಎಂಬ ಹೆಸರಿನಲ್ಲಿ ಇಟಲಿಯಲ್ಲಿ ಬಿಡುಗಡೆ ಮಾಡಿದರು. ಅದು ಅಲ್ಲಿ ಚೆನ್ನಾಗಿ ಓಡಿತು. ಮರುವರ್ಷವೇ ಬೇರೆ ನಿರ್ಮಾಪಕರು, ಕಥೆಯಲ್ಲಿ ಯಾವ ನಂಟೂ ಇಲ್ಲದ ತಮ್ಮ ಚಿತ್ರಕ್ಕೆ 'ಜೋಂಬಿ 2' ಎಂದು ಹೆಸರಿಟ್ಟರು.

ನಮ್ಮ ಮುಂಬಯಿಯ ಗಲ್ಲಿಯಲ್ಲಿ ಒಬ್ಬನ ಪಾವ್‌ಭಾಜಿ ನಡೆಯಿತೆಂದರೆ ತಿಂಗಳೊಳಗೆ ಅಕ್ಕಪಕ್ಕದಲ್ಲಿ ನಾಲ್ಕು ತವಾಗಳು ಒಲೆ ಏರುತ್ತವೆ. ರೋಮಿನ ಚಿತ್ರೋದ್ಯಮ ನಡೆದದ್ದೂ ಹೀಗೆಯೇ: ಒಂದು ಬಗೆಯ ಚಿತ್ರ ಗೆದ್ದರೆ ಅದೇ ಬಗೆಯವು ಸಾಲುಗಟ್ಟುತ್ತಿದ್ದವು. ಅಲ್ಲಿ ಇದಕ್ಕೆ 'ಫಿಲೋನೆ' ಎನ್ನುತ್ತಾರೆ, ಗಣಿಯಲ್ಲಿ ಅದಿರಿನ ಎಳೆ ಎಂಬರ್ಥದಲ್ಲಿ. ಹರ್ಕ್ಯುಲಿಸ್‌ನ ಪೈಲ್ವಾನ್ ಚಿತ್ರಗಳು ಬರಿದಾದ ಮೇಲೆ ಕೌಬಾಯ್ ಚಿತ್ರಗಳು, ಆಮೇಲೆ ಕೊಲೆಗಾರನ ಪತ್ತೆಯ ಚಿತ್ರಗಳು, ಪೊಲೀಸ್ ಚಿತ್ರಗಳು, ಕೊನೆಗೆ ಹೆಣಗಳು. ಇಂಗ್ಲಿಷ್ ಹೆಸರಿಟ್ಟುಕೊಳ್ಳುವ ಅಭ್ಯಾಸವೂ ಹಳೆಯದು. ಕೌಬಾಯ್ ಚಿತ್ರಗಳ ಹೆಸರಾಂತ ನಿರ್ದೇಶಕ ಸೆರ್ಜಿಯೊ ಲಿಯೋನೆಯಂಥವರೇ 1964ರಲ್ಲಿ 'ಬಾಬ್ ರಾಬರ್ಟ್‌ಸನ್' ಆಗಿದ್ದರು. ಬ್ರೂನೊ ಮತ್ತೆಯಿ 1980ರ 'ಹೆಲ್ ಆಫ್ ದಿ ಲಿವಿಂಗ್ ಡೆಡ್' ಚಿತ್ರಕ್ಕೆ 'ವಿನ್ಸೆಂಟ್ ಡಾನ್' ಎಂದು ಸಹಿ ಹಾಕಿದರು. ಅದರ ಸಂಗೀತದಲ್ಲಿ ಬೇರೆ ಚಿತ್ರಗಳಿಗೆ ಗೊಬ್ಲಿನ್ ಮಾಡಿದ್ದ ತುಣುಕುಗಳನ್ನೇ ಮತ್ತೆ ಜೋಡಿಸಿದರು. 1988ರ 'ಜೋಂಬಿ 3' ಫಿಲಿಪ್ಪೀನ್ಸಿನಲ್ಲಿ ತಯಾರಾಯಿತು. ಫುಲ್ಚಿ ಕಾಯಿಲೆ ಬಿದ್ದು ಹಿಂತಿರುಗಿದ್ದರಿಂದ ಅದನ್ನು ಮುಗಿಸಿದವರೂ ಮತ್ತೆಯಿ ಅವರೇ. ಅದನ್ನು ಹುಡುಕುವ ಶ್ರಮ ಬೇಡ.

ಪ್ರಶ್ನೆ: ಇಟಲಿಯವರ ಚಿತ್ರ ಇಟಾಲಿಯನ್ನಿನಲ್ಲೇ ನೋಡಿದರೂ ತುಟಿ ಹೊಂದುವುದಿಲ್ಲವಲ್ಲ, ಏಕೆ? — ಓದುಗರೊಬ್ಬರು, ಮುಲುಂಡ್

ಉತ್ತರ: ಈ ಪ್ರಶ್ನೆ ನನ್ನ ಹೊಟ್ಟೆಪಾಡಿಗೆ ಸಂಬಂಧಿಸಿದ್ದು, ಅಂಧೇರಿಯ ಡಬ್ಬಿಂಗ್ ಕೋಣೆಗಳಲ್ಲಿ ಹಲವು ವರ್ಷ ಕಳೆದವನು ನಾನು. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ಹೊತ್ತಿನ ಧ್ವನಿಯನ್ನು ಚಿತ್ರದಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ. ಕ್ಯಾಮೆರಾ ಗರಗರ ಎನ್ನುತ್ತಿದ್ದರೂ, ಪಕ್ಕದಲ್ಲಿ ನಿರ್ದೇಶಕರು ಕೂಗುತ್ತಿದ್ದರೂ ಯಾರಿಗೂ ತೊಂದರೆಯಿರಲಿಲ್ಲ. ಹೊರದೇಶದ ಮಾರುಕಟ್ಟೆಗಾಗಿ ಬ್ರಿಟನ್ನಿನ, ಅಮೆರಿಕದ, ಗ್ರೀಸಿನ ಕಲಾವಿದರನ್ನು ಕೂಡಿಹಾಕುತ್ತಿದ್ದರಿಂದ ಒಂದೇ ಸನ್ನಿವೇಶದಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಕೇಳಿ ಮತ್ತೊಬ್ಬರು ಇಟಾಲಿಯನ್ನಿನಲ್ಲಿ ಉತ್ತರಿಸುವುದೂ ಇತ್ತು. ಆದ್ದರಿಂದ 'ಮೂಲ ಭಾಷೆ' ಎಂಬುದೇ ಈ ಚಿತ್ರಗಳಿಗಿಲ್ಲ. ಇಂಗ್ಲಿಷಿನಂತೆ ಇಟಾಲಿಯನ್ನೂ ಆಮೇಲೆ ಸೇರಿಸಿದ್ದೇ. ನಮ್ಮ ಹಿಂದಿ ಚಿತ್ರಗಳಲ್ಲೂ ದಶಕಗಳ ಕಾಲ ಮಾತೆಲ್ಲ ಸ್ಟುಡಿಯೋದಲ್ಲಿ ಮರುಮುದ್ರಣವಾಗುತ್ತಿತ್ತು. ಆದರೆ ಅಲ್ಲಿ ನಟರು ಮೊದಲೂ ಆಮೇಲೂ ಆಡುತ್ತಿದ್ದದ್ದು ಒಂದೇ ಭಾಷೆಯನ್ನಾದ್ದರಿಂದ ತುಟಿ ಬಹುಮಟ್ಟಿಗೆ ಕೂಡುತ್ತಿತ್ತು. ನಮ್ಮ ಕೆಲಸದವರ ಕಿವಿಗೆ ಅಸಹ್ಯವೆನಿಸುವುದು 1981ರ 'ದಿ ಹೌಸ್ ಬೈ ದಿ ಸೆಮಿಟರಿ'ಯ ಇಂಗ್ಲಿಷ್ ಅವತರಣಿಕೆಯ ಪುಟ್ಟ ಹುಡುಗನಿಗೆ ಕೂಡಿಸಿದ ಕೀರಲು ಧ್ವನಿ. ಅದನ್ನು ಒಪ್ಪಿ ಮುಂದಕ್ಕೆ ಕಳುಹಿಸಿದವರು ಯಾರೋ!

ಪ್ರಶ್ನೆ: 'ಜೋಂಬಿ 2'ರಲ್ಲಿ ಕಣ್ಣಿಗೆ ಮರದ ಸೀಳು ಚುಚ್ಚುವ ದೃಶ್ಯ ನೋಡಿ ನನಗೆ ರಾತ್ರಿ ಊಟ ಸೇರಲಿಲ್ಲ. ಇದನ್ನೂ ಕಲೆಯೆಂದು ಹೊಗಳುತ್ತೀರಾ? — ಓದುಗರೊಬ್ಬರು, ಪುಣೆ

ಉತ್ತರ: ಆ ದೃಶ್ಯ ಬಂದಾಗ ನಾನೂ ಮುಖ ತಿರುಗಿಸುತ್ತೇನೆ. ಬಾಗಿಲನ್ನು ಒಡೆದು ಒಳಬಂದ ಕೈ ಹೆಂಗಸಿನ ಕೂದಲು ಹಿಡಿದು ಎಳೆಯುತ್ತದೆ. ಒಡೆದ ಹಲಗೆಯ ಚೂಪಾದ ಸೀಳು ಅವಳ ಕಣ್ಣಿಗೆ ಎದುರಾಗಿದೆ. ಬೇರೆ ನಿರ್ದೇಶಕರು ಅಲ್ಲಿಗೆ ಕತ್ತರಿಸುತ್ತಿದ್ದರು, ಫುಲ್ಚಿ ಕತ್ತರಿಸುವುದಿಲ್ಲ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟುಗಳ ಬಗ್ಗೆ ದೊಡ್ಡ ಗದ್ದಲವೆದ್ದು 1984ರಲ್ಲಿ ಕಾಯಿದೆಯೇ ಬಂದಾಗ, ಮೊಕದ್ದಮೆಗೆ ಗುರಿಯಾಗಬಲ್ಲ ಚಿತ್ರಗಳ ಪಟ್ಟಿಯಲ್ಲಿ 'ಜೋಂಬಿ 2' ಸಹ ಇತ್ತು. ಪಟ್ಟಿಯಲ್ಲಿದ್ದುದರಿಂದಲೇ ಅದರ ಕೀರ್ತಿ ಇಮ್ಮಡಿಯಾಯಿತೆಂಬುದು ಬೇರೆ ಮಾತು.

ರಕ್ತಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ತಕರಾರು ಇನ್ನೊಂದಿದೆ. ಜೋಂಬಿ ಎಂಬ ಕಲ್ಪನೆ ಹುಟ್ಟಿದ್ದು ಹೈಟಿಯ ಗುಲಾಮರ ನಡುವೆ, ಸತ್ತ ಮೇಲೂ ದುಡಿತ ತಪ್ಪದೆಂಬ ಭಯದಲ್ಲಿ. ಇಟಲಿಯ ಚಿತ್ರಗಳು ಆ ದ್ವೀಪ, ಆ ಡೋಲಿನ ಸದ್ದನ್ನು ಎತ್ತಿಕೊಂಡು ಸ್ಥಳೀಯರನ್ನು ಮಾತ್ರ ಹೆಸರಿಲ್ಲದ ಹಿನ್ನೆಲೆಯಾಗಿಸಿದವು. ಮತ್ತೆಯಿಯವರ ಚಿತ್ರವಂತೂ ನ್ಯೂಗಿನಿಯ ಜನರ ಸಾಕ್ಷ್ಯಚಿತ್ರದ ತುಣುಕುಗಳನ್ನು, ಅವರ ಶವಸಂಸ್ಕಾರದ ದೃಶ್ಯಗಳನ್ನೂ ಸೇರಿಸಿ, ಹೆಣಗಳ ಆಟದ ನಡುವೆ ತುರುಕಿತು. ಇದಕ್ಕೆ ಬಡತನದ ನೆಪ ಸಲ್ಲದು. ಇದೇ ಕಾಲದ ನರಭಕ್ಷಕರ ಚಿತ್ರಗಳಲ್ಲಿ ಕೆಲವು ಕ್ಯಾಮೆರಾದ ಮುಂದೆ ನಿಜವಾಗಿ ಪ್ರಾಣಿಗಳನ್ನು ಕೊಂದವು. ಅವನ್ನು ಈ ಅಂಕಣದಲ್ಲಿ ನಾನು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ: ಹಿಂದಿಯಲ್ಲಿ ದೆವ್ವದ ಚಿತ್ರಗಳನ್ನು ಮಾಡಿದ ನಮ್ಮ ರಾಮ್ಸೆ ಸಹೋದರರೂ ಇವರೂ ಒಂದೇ ಅಲ್ಲವೇ? — ಓದುಗರೊಬ್ಬರು, ಮಡಗಾಂವ್

ಉತ್ತರ: ಖರ್ಚಿನ ಲೆಕ್ಕದಲ್ಲಿ ದಾಯಾದಿಗಳು. 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ 1984ರ 'ಪುರಾನಾ ಮಂದಿರ್'ವರೆಗೆ ಮನೆಮಂದಿಯೇ ಸೇರಿ ಎಲ್ಲ ಕೆಲಸ ಹಂಚಿಕೊಂಡು ಚಿತ್ರ ಮುಗಿಸಿದ ರೀತಿ ಇಟಲಿಯವರನ್ನೂ ನಾಚಿಸುವಂಥದ್ದು. ಆದರೆ ರಾಮ್ಸೆ ಚಿತ್ರದಲ್ಲಿ ಶಾಪಕ್ಕೆ ಕಾರಣವಿರುತ್ತದೆ, ಕೊನೆಗೆ ತ್ರಿಶೂಲವಿರುತ್ತದೆ, ನಡುವೆ ಹಾಡೂ ಹಾಸ್ಯವೂ ಇರುತ್ತವೆ. ಫುಲ್ಚಿಯವರಲ್ಲಿ ಹೆಣಕ್ಕೆ ಕಾರಣವೂ ಇಲ್ಲ, ಪರಿಹಾರವೂ ಇಲ್ಲ.

ಪ್ರಶ್ನೆ: ಎಲ್ಲಿಂದ ಆರಂಭಿಸಬೇಕು? — ಹಲವರು

ಉತ್ತರ: ಮೊದಲು 'ಜೋಂಬಿ 2', ಆಮೇಲೆ 'ದಿ ಬಿಯಾಂಡ್'. ನಗು ಬೇಕಾದವರು ಉಂಬೆರ್ತೊ ಲೆಂತ್ಸಿಯವರ 1980ರ 'ನೈಟ್‌ಮೇರ್ ಸಿಟಿ' ನೋಡಬಹುದು. ಅದರಲ್ಲಿ ವಿಕಿರಣ ತಗುಲಿದವರು ವಿಮಾನದಿಂದಿಳಿದು ಓಡುತ್ತ, ಆಯುಧ ಹಿಡಿದು ಬರುತ್ತಾರೆ. ಕೊನೆಗೆ, ಈ ಎಳೆ ಬತ್ತುವ ಹೊತ್ತಿಗೆ ಮಿಕೆಲೆ ಸೊವಾವಿ ಮಾಡಿದ 1994ರ 'ದೆಲ್ಲಾಮೋರ್ತೆ ದೆಲ್ಲಾಮೋರೆ'. ಸ್ಮಶಾನದ ಕಾವಲುಗಾರನೊಬ್ಬ ಸತ್ತವರನ್ನು ದಿನವೂ ಮತ್ತೆ ಕೊಲ್ಲಬೇಕಾದ ಆ ಕಥೆ ನಿಜಕ್ಕೂ ಸುಂದರವಾಗಿದೆ. ಇವು ಯಾವುವೂ ಮಕ್ಕಳಿಗಲ್ಲ.

'ಜೋಂಬಿ 2'ರ ಕಡೆಯ ನಿಮಿಷವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ನ್ಯೂಯಾರ್ಕ್ ಹೆಣಗಳ ವಶವಾಯಿತೆಂದು ರೇಡಿಯೋದವನು ಚೀರುತ್ತಿರುವಾಗ ಬ್ರೂಕ್ಲಿನ್ ಸೇತುವೆಯ ಕಾಲುದಾರಿಯ ಮೇಲೆ ಹೆಣಗಳು ಸಾಲಾಗಿ ನಡೆದು ಬರುತ್ತವೆ, ಫ್ರಿತ್ಸಿಯವರ ವಾದ್ಯ ಒಂದೇ ಲಯದಲ್ಲಿ ಬಡಿಯುತ್ತಿರುತ್ತದೆ. ಕೆಳಗಿನ ರಸ್ತೆಯನ್ನು ನೋಡಿ: ಅದನ್ನು ಖಾಲಿ ಮಾಡಿಸಲು ದುಡ್ಡಿಲ್ಲದ್ದರಿಂದ ಕಾರುಗಳು ಎಂದಿನಂತೆ ಸಾಗುತ್ತಿವೆ. ನಮ್ಮ ಹೋಟೆಲಿನ ಹುಡುಗರು ಅದನ್ನು ತಪ್ಪೆಂದುಕೊಳ್ಳಲೇ ಇಲ್ಲ. ಅವರೆಲ್ಲ ಬೆಳಗಿನ ಐದಕ್ಕೆ ಎದ್ದು ಇಡ್ಲಿಪಾತ್ರೆ ಒಲೆಗೇರಿಸಬೇಕಾದವರು. ಹೆಣಗಳು ಬಂದರೂ ಜನ ಕೆಲಸಕ್ಕೆ ಹೊರಟಿದ್ದಾರೆಂದೇ ಅವರಿಗೆ ಅರ್ಥವಾಗಿತ್ತು.