ನೋವಿಲ್ಲದ ಗಂಟಿಗೆ ಅಲ್ಟ್ರಾಸೌಂಡ್ ಯಾಕೆ?

ತೋಳಿನ ಗಂಟು ಮೆತ್ತಗಿದೆ, ನೋವಿಲ್ಲ, ಕೊಬ್ಬಿನ ಗಡ್ಡೆ ಅಂತ ಗೊತ್ತಾದ ಮೇಲೆ ಡಾಕ್ಟರ್ ಸ್ಕ್ಯಾನಿಂಗ್ ಯಾಕೆ ಬರೆದರು ಅಂತ ಕೇಳಿದ್ದೀರಿ. ಗೊತ್ತಾಗಿದ್ದು ಹೇಗೆ? ಮುಟ್ಟಿ ನೋಡಿ ತಾನೇ? ನಾನೂ ಹಾಗೇ ಮಾಡಿ ಕೆಟ್ಟೆ.

ನಾನು ಶಿಡ್ಲಘಟ್ಟದವನು, ರೇಷ್ಮೆ ನೂಲು ತೆಗೆಯೋ ಕೆಲಸ. ಕತ್ತಿನ ಕೆಳಗೆ ಬೆನ್ನ ಮೇಲೆ ಹುಣಸೆ ಬೀಜದಷ್ಟು ಗಂಟಿತ್ತು. ಎರಡು ವರ್ಷದಲ್ಲಿ ನೆಲ್ಲಿಕಾಯಿಯಷ್ಟಾಯಿತು. ನಡುವೆ ಸಣ್ಣ ಕಪ್ಪು ಚುಕ್ಕೆ ಇದೆ ಅಂತ ಮನೆಯವಳು ಹೇಳಿದ್ದಳು. ಕೊಬ್ಬಿನ ಗಡ್ಡೆ ಬಿಡು ಅಂದೆ. ಒಂದು ದಿನ ತಮ್ಮನ ಕೈಲಿ ಅದುಮಿಸಿದೆ. ನಾರುವ ಬಿಳಿ ಹಿಟ್ಟಿನಂಥದ್ದು ಬಂತು, ಗಂಟು ಇಳಿಯಿತು. ವಾಸಿ ಆಯಿತು ಅಂದುಕೊಂಡೆ.

ಆ ಅದುಮಿದ್ದೇ ತಪ್ಪು. ಅದು ಕೊಬ್ಬಲ್ಲ, ಚರ್ಮದ ಚೀಲ. ರೇಷ್ಮೆಗೂಡಿನ ಹಾಗೆ ಅದಕ್ಕೂ ಸುತ್ತ ಒಂದು ಗೋಡೆ. ಒಳಗಿನ ಹಿಟ್ಟನ್ನು ಮಾಡೋದೇ ಆ ಗೋಡೆ. ಹಿಟ್ಟು ತೆಗೆದರೂ ಗೋಡೆ ಉಳಿದರೆ ಮತ್ತೆ ತುಂಬಿಕೊಳ್ಳುತ್ತೆ. ಜೋರಾಗಿ ಅದುಮಿದರೆ ಗೋಡೆ ಒಳಗಡೆಯೇ ಒಡೆದು, ಹಿಟ್ಟು ಮಾಂಸಕ್ಕೆ ಸೇರಿ ಕೆರಳುತ್ತೆ. ಹತ್ತು ದಿನಕ್ಕೆ ನನ್ನ ಬೆನ್ನು ಕೆಂಪಗೆ ಊದಿ ಕೀವು ಕಟ್ಟಿತು. ಬೋರಲು ಮಲಗಿ ರಾತ್ರಿ ಕಳೆದೆ. ಕೊಯ್ದು ಕೀವು ತೆಗೆದರು. ಊತ ಇದ್ದಾಗ ಗೋಡೆ ನೀಟಾಗಿ ಬಿಡಿಸೋಕೆ ಆಗಲ್ಲ ಅಂತ ಎರಡು ತಿಂಗಳು ಕಾಯಿಸಿದರು.

ಆಮೇಲೆ ಸ್ಕ್ಯಾನಿಂಗ್. ತಣ್ಣನೆ ಜೆಲ್ ಹಚ್ಚಿ ಪ್ರೋಬ್ ಆಡಿಸಿದರು, ಹತ್ತು ನಿಮಿಷವೂ ಆಗಲಿಲ್ಲ. ಪರದೆಯಲ್ಲಿ ಗುಂಡಗೆ ಚೀಲ, ಅದರ ಹಿಂದೆ ಬೆಳ್ಳಗೆ ಹೊಳೆಯೋ ಪಟ್ಟಿ. ಒಳಗೆ ರಕ್ತ ಓಡಾಡುತ್ತಿರಲಿಲ್ಲ. ತೋಳಲ್ಲೊಂದು ಗಂಟಿತ್ತು, ಅದನ್ನೂ ತೋರಿಸಿದೆ. ಅದು ಚರ್ಮದ ಉದ್ದಕ್ಕೆ ಮಲಗಿದ ಹಾಗೆ ಚಪ್ಪಟೆ, ಒಳಗೆ ಸಣ್ಣ ಗೆರೆಗಳು. ಇದು ನಿಜವಾದ ಲಿಪೋಮಾ, ಅಂದರೆ ಕೊಬ್ಬಿನ ಗಡ್ಡೆ, ಹಾಗೇ ಇರಲಿ ಅಂದರು. ಇವತ್ತಿಗೂ ಇದೆ, ತೊಂದರೆಯಿಲ್ಲ. ಬೆನ್ನಿನದನ್ನು ಗೋಡೆ ಸಮೇತ ತೆಗೆದರು.

ಇನ್ನೊಂದು, ನೋವಿಲ್ಲ ಅನ್ನೋದನ್ನು ಧೈರ್ಯ ಅಂತ ಇಟ್ಕೋಬೇಡಿ. ಕ್ಯಾನ್ಸರ್ ಗಡ್ಡೆಗಳೂ ಎಷ್ಟೋ ಸಲ ನೋಯಲ್ಲ. 5 ಸೆಂ.ಮೀ. ದಾಟಿದ್ದರೆ, ಬೇಗ ಬೆಳೆಯುತ್ತಿದ್ದರೆ, ಮಾಂಸಖಂಡದ ಒಳಗಿದ್ದರೆ ಅಲ್ಟ್ರಾಸೌಂಡ್ ಒಂದೇ ಸಾಲದು, ಎಂಆರ್‌ಐ ಕೇಳುತ್ತಾರೆ. ಅದಕ್ಕೂ ಹಿಂಜರಿಯಬೇಡಿ. ಚೀಟಿ ಕೈಯಲ್ಲೇ ಇದೆ ಅಲ್ವಾ, ಈ ವಾರವೇ ಹೋಗಿ. ಅಲ್ಲಿವರೆಗೂ ಯಾರ ಕೈಲೂ ಅದುಮಿಸಬೇಡಿ.